ಕಡೆಯವರು ಉಂಡ ಮೇಲೆ

"ಕೈ ಹಿಡಿಯಿರಿ!"

ಸಿಸ್ಟರ್ ಕಾರ್ಮೆಲಿನ್ ಹಾಗೆ ಕೂಗಿದ್ದೇ ತಡ, ತಾಲೀಮಿಗೆ ಸೇರಿದ್ದ ಶಾಲೆಯ ಹಾಲ್‌ ತುಂಬ ಕಿಸಕ್ಕನೆ ನಗೆ ಎದ್ದಿತು.

ದಾನೇಶ್ವರಿಯ ಕಿವಿ ಬಿಸಿಯಾದವು. ಎದುರಿಗೆ ನಿಂತ ಗಂಡಸು ನೆಲ ನೋಡತೊಡಗಿದ. ಅವನಿಗೆ ನಲವತ್ತರ ಆಸುಪಾಸು, ಇವಳಿಗೆ ಮೂವತ್ತೊಂದು. ಹಿಂದೆ ಮುಂದೆ ನಿಂತವರೆಲ್ಲ ಎರಡು ಜಡೆಯ ಹುಡುಗಿಯರು, ಮೀಸೆ ಮೂಡದ ಹುಡುಗರು. ಅವರು ತಾತನ ವಯಸ್ಸಿನ ಸೈನಿಕರ ಕೈ ಹಿಡಿದು ಕುಣಿಯುತ್ತ ನಿಂತಿದ್ದರು.

ಇವಳು ಯಾರ ಕೈ ಹಿಡಿಯಬೇಕು?

ಚೆಂಬೂರಿನ ಆ ಚರ್ಚ್ ಶಾಲೆಯಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ ಅದು. ಆಗಸ್ಟ್ ಹದಿನೈದು ಯೇಸುವಿನ ತಾಯಿ ಮರಿಯಮ್ಮನ ಹಬ್ಬವೂ ಹೌದು, ದೇಶದ ಹಬ್ಬವೂ ಹೌದು. ಬೆಳಗಿನ ಪೂಜೆ ಮುಗಿದು ಬಾವುಟ ಏರಿದ ಮೇಲೆ, ಚೆನ್ನಾಗಿ ಓದಿದವರನ್ನೂ ಸೈನ್ಯದಲ್ಲಿ ದುಡಿದು ಬಂದವರನ್ನೂ ಒಟ್ಟಿಗೆ ಸನ್ಮಾನಿಸುತ್ತಾರೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ಸೈನಿಕ. ಇಬ್ಬರೂ ಕೈ ಹಿಡಿದು ಮೆಟ್ಟಿಲು ಹತ್ತಬೇಕು. ಸೈನಿಕ ಇವರ ಕೊರಳಿಗೆ ಪದಕ ಹಾಕಬೇಕು, ಇವರು ಸೈನಿಕನಿಗೆ ಶಾಲು ಹೊದಿಸಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಮರ್ಯಾದೆ ಇಲ್ಲ.

ಆದರೆ ಇಷ್ಟು ವರ್ಷ ಬಹುಮಾನ ತೆಗೆದುಕೊಂಡವರೆಲ್ಲ ಮಕ್ಕಳೇ. ದುಡಿಯುವ ಹೆಂಗಸರಿಗೆಂದು ಸಿಸ್ಟರ್ ಸಂಜೆಯ ತರಗತಿ ತೆರೆದ ಮೇಲೆ ಹತ್ತನೇ ಇಯತ್ತೆಯಲ್ಲಿ ಫಸ್ಟ್ ಕ್ಲಾಸ್ ಬಂದವಳು ದಾನೇಶ್ವರಿ ಒಬ್ಬಳೇ.

"ನೀವು ಮುಂದ ನಡೀರಿ," ಗಂಡಸು ಮೆಲ್ಲಗೆ ಅಂದ. "ನಾ ಒಂದು ಹೆಜ್ಜಿ ಹಿಂದ ಇರ್ತೀನಿ."

ಅರೆ... ನಮ್ಮ ಕಡೆಯ ಮಾತು!

"ಯಾವ ಊರ್ರಿ ನಿಮ್ದು?"

"ಗೋಕಾಕ ಬಾಜೂಕ. ನಿಮ್ದು?"

"ಸಿಂದಗಿ."

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಒಬ್ಬ ತಾಯಿ ಪಕ್ಕದವಳನ್ನು ತಿವಿದು ಕೇಳಿದಳು, "ಯೇ ಆಂಟಿ ಕಿಸ್‌ಕೀ ಮಮ್ಮಿ ಹೈ?"

ಯಾವ ಮಗುವಿನ ತಾಯಿ ಎಂದು ಕೇಳಿದ್ದು ತಿಳಿದು ದಾನೇಶ್ವರಿ ತಲೆ ತಗ್ಗಿಸಿದಳು. ಅವನು ತಗ್ಗಿಸಲಿಲ್ಲ. ತಿರುಗಿ, ಶಾಂತವಾಗಿ ಹೇಳಿದ, "ಕಿಸೀಕೀ ನಹೀಂ, ಮೇಡಂ. ಇನಾಮ್ ಇನ್ಹೀಕಾ ಹೈ."

ಬಹುಮಾನ ಇವರದೇ ಎಂದದ್ದು ಕೇಳಿ ಆ ತಾಯಿ ಮುಖ ತಿರುಗಿಸಿದಳು.

ಇವಳ ಎದೆಯಲ್ಲಿ ಏನೋ ಹಿತವಾಗಿ ಅಲುಗಿತು. ಎಷ್ಟು ವರ್ಷವಾಗಿತ್ತು, ತನ್ನ ಪರವಾಗಿ ಒಬ್ಬರು ಒಂದು ಮಾತು ಆಡಿ!

* * *

ದಾನೇಶ್ವರಿಯ ತಂದೆತಾಯಿ ಬಿಲ್ಡಿಂಗ್ ಕೆಲಸಕ್ಕೆ ಮುಂಬೈಗೆ ಬಂದವರು. ತಮ್ಮನನ್ನು ಎತ್ತಿಕೊಳ್ಳಲು ಆರನೇ ಇಯತ್ತೆಗೇ ಶಾಲೆ ಬಿಡಿಸಿದರು. ಮುಂದೆ ಲಗ್ನವಾಯಿತು. ಗಂಡ ಕಾಮಾಲೆಯಲ್ಲಿ ತೀರಿಕೊಂಡ. ಅಲ್ಲಿಂದ ಈಚೆಗೆ ಚಿಗವ್ವ ರುಕ್ಮಿಣಿಬಾಯಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದೇ ಅವಳ ಬದುಕು. ಬಡಿಯುತ್ತ ಬಡಿಯುತ್ತಲೇ ಪಾಠ ಬಾಯಿಪಾಠ ಮಾಡಿದಳು.

"ಈ ವಯಸ್ಸಿನಾಗ ಯಾವ ಕಲೆಕ್ಟರ್ ಆಗಾಕಿ?" ಎಂದು ಚಾಳಿನ ಸಾಲುಮನೆಗಳವರು ನಕ್ಕರು.

ಅವಳು ನಗಲಿಲ್ಲ, ಅಳಲಿಲ್ಲ. ಪಾಸಾದಳು.

ಈಗ ಅವಳಿಗೆ ಆಸೆ ಒಂದೇ. ಆ ವೇದಿಕೆ ಹತ್ತಬೇಕು. ಚಾಳಿನವರೆಲ್ಲ ನೋಡುವಂತೆ ತಲೆ ಎತ್ತಿ ಹತ್ತಬೇಕು.

ಮುಂದಿನ ಭಾನುವಾರದ ತಾಲೀಮಿಗೆ ಅವಳು ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡಳು.

ಚಿಗವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರಿಗವ್ವಾ ಇಷ್ಟು ಬೆಳ್ಳನ್ನ ರೊಟ್ಟಿ? ಗಿರಾಕಿಗೆ ಎಂದೂ ಹಿಂಗ ಬಡೀಲಿಲ್ಲ ನೀ."

"ಸೈನಿಕರಿಗೆ, ಚಿಗವ್ವ. ದೇಶ ಕಾದವರು."

"ಹೂಂ... ದೇಶ ಕಾದವರಿಗೆ!" ಚಿಗವ್ವ ಬೇರೆ ಕಡೆ ತಿರುಗಿ ನಕ್ಕಳು.

ವಿರಾಮದ ಹೊತ್ತಿಗೆ ಡಬ್ಬಿಯನ್ನು ತನ್ನ ಜೋಡಿಯ ಸೈನಿಕ ಸುಭಾಷನ ಮುಂದೆ ಹಿಡಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಮುಚ್ಚಳ ತೆಗೆದ. ಒಂದು ಗಳಿಗೆ ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡ.

ಆಮೇಲೆ ಎದ್ದ!

ಬೆಂಚಿನಿಂದ ಬೆಂಚಿಗೆ ಹೋದ. ಮುದಿ ಸುಬೇದಾರರಿಗೆ ಒಂದು, ಗೇಟಿನ ವಾಚ್‌ಮನ್ನನಿಗೆ ಒಂದು, ಸಿಸ್ಟರ್‌ಗೆ ಅರ್ಧ... ಎಲ್ಲರಿಗೂ ಹಂಚಿದ. ಖಾಲಿ ಡಬ್ಬಿ ನಲ್ಲಿಯಲ್ಲಿ ತೊಳೆದು, ಒರೆಸಿ, ತಂದು ಕೊಟ್ಟ.

"ನೀವು?"

"ನಂದು ಆತ್ರಿ. ಉಂಡು ಬಂದೀನಿ."

ಅವಳು ಡಬ್ಬಿ ಚೀಲಕ್ಕೆ ಹಾಕಿದಳು. ಆದರೆ ಹೊರಡುವಾಗ ಸುಬೇದಾರರು ಅವನ ಬೆನ್ನು ತಟ್ಟಿ, "ಬೇಟಾ, ಡ್ಯೂಟಿ ಸೇ ಸೀಧಾ ಆಯಾ, ಸುಬಹ್ ಸೇ ಚಾಯ್ ಭೀ ನಹೀಂ ಪೀ. ಜಾ, ಅಬ್ ಕುಛ್ ಖಾ ಲೇ," ಅಂದದ್ದು ಕಿವಿಗೆ ಬಿತ್ತು.

ಸುಳ್ಳು! ಹಸಿದಿದ್ದಾನೆ. ಹಸಿದರೂ ನನ್ನ ರೊಟ್ಟಿ ಮುಟ್ಟಲಿಲ್ಲ.

ನಮ್ಮ ಕಡೆ ಜಗಳಾಡಿದರೂ ಕ್ಷಮೆ ಉಂಟು. ಕೊಟ್ಟ ರೊಟ್ಟಿ ಮುರಿಯದೆ ಎದ್ದರೆ ಅದಕ್ಕೆ ಕ್ಷಮೆ ಇಲ್ಲ. ದಾನೇಶ್ವರಿ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ನಾಚಿಕೆ ಇದ್ದೀತು... ಇನ್ನೊಂದು ಸಲ ನೋಡೋಣ.

ಮುಂದಿನ ವಾರ ಶೇಂಗಾ ಹೋಳಿಗೆ ಒಯ್ದಳು. ಮತ್ತೆ ಅದೇ! ಎಲ್ಲರಿಗೂ ಹಂಚಿದ, ತಾನು ಒಂದು ಚೂರೂ ಬಾಯಿಗೆ ಹಾಕಲಿಲ್ಲ.

ಅವಳ ತಾಳ್ಮೆ ಹರಿಯಿತು. ಎಲ್ಲರೂ ಕೇಳುವಂತೆ ಕೇಳಿಯೇ ಬಿಟ್ಟಳು.

"ಯಾಕ್ರಿ? ನಿಮ್ಮ ಜಾತ್ಯಾಗ ನಮ್ಮ ಕೈದು ನಡೆಯೂದಿಲ್ಲೇನು? ಇಲ್ಲಾ, ರೊಟ್ಟಿ ಬಡಿಯಾಕಿ ಸಂಗಾಟ ವೇದಿಕೆ ಹತ್ತಾಕ ನಾಚಿಕಿ ಏನು?"

ಸುಭಾಷನ ಮುಖ ಬಿಳಿಚಿತು. ಟೋಪಿ ಎತ್ತಿಕೊಂಡು ಹೊರಗೆ ನಡೆದುಬಿಟ್ಟ.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅವಳಿಗೆ ಆ ಸಂಜೆಯೇ ಅದು ತಿಳಿಯಿತು.

* * *

"ಅವರು ಬರುವುದಿಲ್ಲವಂತೆ ಮಾರಾಯ್ತಿ," ಸಿಸ್ಟರ್ ಕಾರ್ಮೆಲಿನ್ ಫೋನ್ ಕೆಳಗಿಟ್ಟರು. "ಬೇರೆಯವರನ್ನು ನೋಡಿ ಅಂತ ಹೇಳಿದರು. ನೀನೇನೂ ಹೆದರಬೇಡ. ಒಬ್ಬರು ಕರ್ನಲ್ ಇದ್ದಾರೆ, ದೊಡ್ಡ ಮನುಷ್ಯರು. ಅವರ ಕೈಯಿಂದಲೇ ನಿನಗೆ ಪದಕ!"

ಚಿಗವ್ವನಿಗೆ ಖುಷಿಯೋ ಖುಷಿ. "ಕರ್ನಲ್ ಅಂದ್ರ ಸಣ್ಣ ಮಾತೇನು? ಹೋಗ್ಲಿ ಬಿಡು ಆ ಗೋಕಾಕದವ."

ದಾನೇಶ್ವರಿ ಕಿಟಕಿಯಾಚೆ ನೋಡುತ್ತ ನಿಂತಳು. ಕರ್ನಲ್ ಸಾಹೇಬರ ಜೊತೆ ಹತ್ತಿದರೆ ಫೋಟೋ ಚೆನ್ನಾಗಿ ಬಂದೀತು. ಚಾಳಿನ ಬಾಯಿ ಮುಚ್ಚೀತು. ಆದರೆ 'ಇನಾಮು ಇವರದೇ' ಎಂದು ಅಷ್ಟು ಜನರೆದುರು ಹೇಳಿದವನು ಯಾರು?

"ಬ್ಯಾಡ ಸಿಸ್ಟರ್."

"ಎಂತ ಬೇಡ?"

"ಕರ್ನಲ್ ಸಾಹೇಬ್ರು ಬ್ಯಾಡ. ನನ್ನ ಸೈನಿಕನ್ನ ನಾನ ಕರ್ಕೊಂಡು ಬರ್ತೀನಿ."

"ಅವರು ಬಾರದಿದ್ದರೆ? ಸೈನಿಕ ಇಲ್ಲದೆ ವೇದಿಕೆ ಇಲ್ಲ ಅಂತ ಗೊತ್ತಲ್ವಾ ನಿನಗೆ?"

"ಬರದಿದ್ರ ನನ್ನ ಪದಕ ಡಬ್ಬ್ಯಾಗ ಇರ್ಲಿ."

ಸಿಸ್ಟರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಗಣಿತ ಕೈಕೊಟ್ಟಾಗಲೂ ಈ ಹುಡುಗಿ ಹೀಗೆಯೇ ಹಲ್ಲು ಕಚ್ಚಿ ಕೂತಿದ್ದಳು. "ಹೋಗು," ಅಂದರು. "ವಿಕ್ರೋಳಿಯಲ್ಲಿ ಕಾರ್ಖಾನೆಯ ಕೂಲಿಗಳ ಕ್ಯಾಂಟೀನು. ಅಲ್ಲೇ ಇರ್ತಾರೆ."

ಕ್ಯಾಂಟೀನು? ಅಲ್ಲಿ ಸೆಕ್ಯುರಿಟಿ ಇರಬಹುದು ಅಂದುಕೊಂಡಳು.

* * *

ಕುರ್ಲಾದಲ್ಲಿ ಲೋಕಲ್ ಬದಲಿಸಿ ವಿಕ್ರೋಳಿಗೆ ಬಂದಾಗ ಊಟದ ಹೊತ್ತು. ತಗಡಿನ ಮಾಡಿನ ಕೆಳಗೆ ಉದ್ದುದ್ದ ಬೆಂಚು, ಕೂಲಿಗಳ ಗದ್ದಲ. ಬಡಿಸುವ ಕಟ್ಟೆಯ ಹಿಂದೆ ಬಿಳಿ ಅಂಗಿ, ಸೊಂಟಕ್ಕೆ ಏಪ್ರನ್ ಕಟ್ಟಿ ಸೌಟು ಹಿಡಿದು ನಿಂತವನನ್ನು ಕಂಡು ದಾನೇಶ್ವರಿ ಹಾಗೇ ನಿಂತಳು.

ಸುಭಾಷ!

ಅವನು ಇವಳನ್ನು ನೋಡಲಿಲ್ಲ. ಅವಳು ಮೂಲೆಯಲ್ಲಿ ಕೂತಳು. ಪಾಳಿಯವರು ಬಂದರು, ಉಂಡರು, ಹೋದರು. ಹೊಸಬರು ಬಂದರು. ಅವನು ಬಡಿಸುತ್ತಲೇ ಇದ್ದ. ಯಾರ ತಾಟು ಖಾಲಿ, ಯಾರು ಕೇಳಲು ನಾಚುತ್ತಾರೆ, ಎಲ್ಲ ಅವನ ಕಣ್ಣಿಗೆ ಬೀಳುತ್ತಿತ್ತು.

ನೀರು ತಂದಿಟ್ಟ ಮುದುಕ ಕೊರಗಪ್ಪ, ಉಡುಪಿ ಕಡೆಯವನು, "ಯಾರು ಬೇಕಮ್ಮಾ?" ಎಂದು ಕೇಳಿದ.

"ಅವ್ರು. ಅವ್ರ ಊಟ ಆಗ್ಲಿ, ಮಾತಾಡ್ತೀನಿ."

ಕೊರಗಪ್ಪ ನಕ್ಕುಬಿಟ್ಟ. "ಅವನ ಊಟವಾ? ಹಾಗಾದರೆ ಸಂಜೆವರೆಗೆ ಕೂತ್ಕೊಳ್ಳಿ. ಕೊನೆಯ ಒಬ್ಬ ಉಂಡು ಕೈ ತೊಳೆಯದೆ ಅವನು ಒಂದು ಅಗುಳು ಮುಟ್ಟುವುದಿಲ್ಲ ಮಾರಾಯ್ರೆ. ಮಿಲಿಟರಿಯಲ್ಲಿ ಅಡುಗೆಯವನಾಗಿದ್ದನಲ್ಲ, ಅಲ್ಲಿಯ ಚಟ. ನಾವು ಬೈದೂ ಆಯ್ತು, ಬೇಡಿಯೂ ಆಯ್ತು."

ದಾನೇಶ್ವರಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಅಡುಗೆಯವನು...

ಶಾಲೆಯ ಹಾಲ್‌ನಲ್ಲಿ ಎಲ್ಲರಿಗೂ ಹಂಚಿದ್ದು ಕಣ್ಣ ಮುಂದೆ ಬಂತು. ವಿರಾಮ ಮುಗಿದಾಗಲೂ ಇನ್ನೂ ಯಾರೋ ಉಣ್ಣುತ್ತಲೇ ಇದ್ದರು. ಅವನ ಪಾಳಿ ಬರುವ ಮೊದಲೇ ಡಬ್ಬಿ ಬರಿದಾಗಿತ್ತು. ಅಯ್ಯೋ... ಅಂಥವನಿಗೆ ನಾನು ಜಾತಿಯ ಮಾತು ಆಡಿದೆನಲ್ಲ!

ಪಾಳಿ ಕರಗಿತು. ಸುಭಾಷ ಕಟ್ಟೆ ಒರೆಸುತ್ತ ತಲೆ ಎತ್ತಿದ. ಇವಳನ್ನು ಕಂಡು ಬಟ್ಟೆ ಕೈಯಲ್ಲೇ ಉಳಿಯಿತು.

"ನೀವು... ಇಲ್ಲಿ?"

"ಎಲ್ಲಾರ್ದೂ ಊಟ ಆತೇನ್ರಿ?"

"ಆತ್ರಿ."

"ಸುಳ್ಳು. ಇನ್ನೂ ಒಬ್ಬಾಕಿ ಅದಾಳ ಉಣ್ಣದಾಕಿ." ಅವಳು ತಾಟು ಮುಂದೆ ಸರಿಸಿದಳು. "ನಾನು."

ಅವನು ಬಡಿಸಿದ. ಬಿಸಿ ಅನ್ನ, ಬೇಳೆ. ಅವಳು ತುತ್ತು ಕಲಸಿ ಕೈ ತಡೆದಳು.

"ಆ ದಿನ ನಾ ಆಡಬಾರದ ಮಾತು ಆಡ್ದೆ. ತಪ್ಪಾತು. ಕಾರಣ ಕೇಳದ ಆಡ್ದೆ."

"ನಿಮ್ಮ ತಪ್ಪಲ್ಲ ಬಿಡ್ರಿ."

"ಹಂಗಿದ್ರ ಯಾಕ ಬರೂದಿಲ್ಲ ಅಂದ್ರಿ?"

ಸುಭಾಷ ಎದುರಿನ ಬೆಂಚಿನ ಅಂಚಿಗೆ ಕೂತ. ಅಂಗೈ ಏಪ್ರನ್ನಿಗೆ ಒರೆಸಿಕೊಂಡ.

"ನಾ ಲಾಂಗ್ರಿ ರೀ. ಫೌಜಿನ್ಯಾಗ ಅಡಗಿ ಮಾಡಾಂವಗ ಹಂಗ ಅಂತಾರ. ಬರ್ಫದ ಪೋಸ್ಟಿನ್ಯಾಗ ಸ್ಟೋ ಹಚ್ಚಿ, ಬರ್ಫ ಕರಗಿಸಿ ಬ್ಯಾಳಿ ಕುದಿಸಾಂವ. ಬಂದೂಕ ಹಿಡದು ಲಡಾಯಿ ಮಾಡಿದಾಂವ ಅಲ್ಲ. ಅಲ್ಲಿ ವೇದಿಕಿ ಮ್ಯಾಲ 'ವೀರ ಯೋಧ' ಅಂತ ಓದ್ತಾರ. ಖರೇ ವೀರರ ಬಾಜೂಕ ನಾ ಹ್ಯಾಂಗ ನಿಂದ್ರಲಿ? ಮೊದಲ ಅದ ಅಂಜಿಕಿ ಇತ್ತು. ನೀವು 'ನಾಚಿಕಿ ಏನು' ಅಂದಾಗ... ಹೌದು ಅನಿಸ್ತು. ನಿಮ್ಮ ಸಲುವಾಗಿ ಅಲ್ಲ. ನನ್ನ ಸಲುವಾಗಿ."

"ಕಡೀಕ ಉಣ್ಣೂದು ಯಾವಾಗಿಂದ?"

ಅವನು ಒರೆಸುವ ಬಟ್ಟೆ ಮಡಚಿ ಪಕ್ಕಕ್ಕಿಟ್ಟ.

"ಒಮ್ಮೆ ಗಸ್ತಿಗೆ ಹೋದವರು ತಡಾ ಮಾಡಿ ಬಂದ್ರು. ಹಸಿವಿ ತಾಳಲಾರದ ನಾ ಮೊದಲ ಉಂಡಿದ್ದೆ. ಅವರಾಗ ಒಬ್ಬಾಂವ ತಿರುಗಿ ಬರಲಿಲ್ಲ. ಬರ್ಫ ಕುಸೀತು. ಅವನ ಪಾಲಿನ ರೊಟ್ಟಿ ಹಂಗ ಉಳೀತು ನೋಡ್ರಿ... ಅವತ್ತಿಂದ ಕಡೀ ಮನಶಾ ಉಣ್ಣೂತನಕ ನನಗ ತುತ್ತು ಇಳಿಯೂದಿಲ್ಲ."

ದಾನೇಶ್ವರಿಯ ಕಣ್ಣು ತುಂಬಿದವು. ಆದರೆ ಅವಳು ಅಳಲು ಬಂದಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಗಟ್ಟಿಯಾಗಿ ಹೇಳಿದಳು.

"ಕೇಳ್ರಿ. ಮಕ್ಕಳು ತಗೊಳ್ಳೂ ಪದಕಕ್ಕ ಈ ವಯಸ್ಸಿನಾಕಿ ಕೈ ಒಡ್ಡಾಕ ಬಂದಾಳ ಅಂತ ಮಂದಿ ನಗ್ತಾರ. ನಾ ಹಿಂದ ಸರಿದೆನೇನು? ನಿಮ್ಮ ಕೈಯಾಗ ಉಂಡು ಫೌಜಿನ ಮಂದಿ ಗಡಿ ಕಾದ್ರು. ಅದು ಸುಳ್ಳೇನು? ಇದ್ದದ್ದು ಇದ್ದಂಗ ಓದ್ಸೋಣು. ಲಾಂಗ್ರಿ ಅಂತನ ಓದ್ಲಿ."

"ಮಂದಿ ನಕ್ರ?"

"ಇಬ್ರೂ ಕೂಡಿ ನಗಿಸ್ಕೊಳ್ಳೋಣು. ಒಬ್ಬಾಕಿನ ನಗಿಸ್ಕೊಂಡು ಸಾಕಾಗೇತಿ ನನಗ."

ಅವನು ಅವಳನ್ನು ನೋಡಿದ. ಮೊದಲ ಸಲ, ನೆಲ ಬಿಟ್ಟು, ನೇರ ಅವಳ ಕಣ್ಣನ್ನು.

"ನೋಡ್ತೀನ್ರಿ," ಅಂದ.

"ನೋಡ್ರಿ. ಬರೂದಿಲ್ಲಂದ್ರ ನಾನೂ ಹತ್ತೂದಿಲ್ಲ. ನನ್ನ ಮಾತು ಮುಗೀತು."

* * *

ಆಗಸ್ಟ್ ಹದಿನೈದು. ಬಾವುಟ ಏರಿತು. ಹಾಲು ಕಿಕ್ಕಿರಿಯಿತು. ಚಿಗವ್ವ ಚಾಳಿನ ಹೆಂಗಸರನ್ನೆಲ್ಲ ಎಳೆದು ತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ದಾನೇಶ್ವರಿ ಇಳಕಲ್ ಸೀರೆ ಉಟ್ಟು ಮೆಟ್ಟಿಲ ಬುಡದಲ್ಲಿ ನಿಂತು ಬಾಗಿಲನ್ನೇ ನೋಡುತ್ತಿದ್ದಳು.

ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಸೈನಿಕರ ಕೈ ಹಿಡಿದು ಹತ್ತಿ ಇಳಿದರು. ಚಪ್ಪಾಳೆ, ಬ್ಯಾಂಡು. ಅವನ ಸುಳಿವಿಲ್ಲ.

ಬರುವುದಿಲ್ಲವೇ? ಅಷ್ಟು ಹೇಳಿದರೂ ಬರುವುದಿಲ್ಲವೇ?

ಕರ್ನಲ್ ಸಾಹೇಬರು ಕುರ್ಚಿಯಿಂದ ಎದ್ದು ಮೃದುವಾಗಿ ಕರೆದರು, "ಆಯಿಯೇ ಬಹೆನ್, ಮೈಂ ಲೇ ಚಲ್ತಾ ಹೂಂ."

"ಮಾಫ್ ಕರ್ನಾ ಸಾಹೇಬ್." ಅವಳು ಕೈ ಮುಗಿದಳು. "ಮೇರಾ ಫೌಜಿ ಆಯೇಗಾ."

ಹಿಂದಿನ ಬಾಗಿಲಲ್ಲಿ ಒಂದು ಆಕೃತಿ. ಇಸ್ತ್ರಿ ಮಾಡಿದ ಕಪ್ಪು ಕೋಟು, ತಲೆಗೆ ಪಲ್ಟನ್ನಿನ ಟೋಪಿ. ಅವನು ಸಾಲುಗಳ ನಡುವೆ ನಡೆದು ಬರತೊಡಗಿದ!

ಅವಳ ಜೀವ ಹೂವಾಯಿತು.

ಆದರೆ ಮೈಕಿನಲ್ಲಿದ್ದ ನಿಶಾ ಟೀಚರಿಗೆ ಎಲ್ಲ ಸೈನಿಕರಿಗೂ ಓದಿದ್ದನ್ನೇ ಓದಿ ರೂಢಿಯಾಗಿತ್ತು. 'ಲಾಂಗ್ರಿ ಅಂತಲೇ ಓದು' ಎಂದು ಸಿಸ್ಟರ್ ಹೇಳಿದ್ದು ಆ ಭರದಲ್ಲಿ ಮರೆತೇಹೋಯಿತು. ದನಿ ಏರಿಸಿ ಓದಿಬಿಟ್ಟಳು, "ಔರ್ ಅಬ್... ರಣಭೂಮಿ ಮೇಂ ದುಶ್ಮನ್ ಕೋ ಧೂಲ್ ಚಟಾನೇವಾಲೇ ವೀರ್ ಯೋಧಾ, ನಾಯಕ್ ಸುಭಾಷ್!"

ಹಾಲು ಚಪ್ಪಾಳೆಯಿಂದ ಗುಡುಗಿತು.

ಸುಭಾಷ ಹಾಲಿನ ನಟ್ಟನಡುವೆ ನಿಂತ. ಅವನ ಮುಖ ನೋಡಲಾಗಲಿಲ್ಲ. ಮೆಲ್ಲಗೆ ಬಾಗಿಲ ಕಡೆ ತಿರುಗಿದ.

ದಾನೇಶ್ವರಿ ಮೆಟ್ಟಿಲು ಹತ್ತಿದಳು. ಒಬ್ಬಳೇ! ಶಾಲೆಯ ಪದ್ಧತಿ ಮುರಿಯಿತು. ನಿಶಾ ಟೀಚರ ಕೈಯಿಂದ ಮೈಕು ತೆಗೆದುಕೊಂಡಳು. ದನಿ ನಡುಗಲಿಲ್ಲ.

"ಟೀಚರ್ ಓದಿದ್ದು ತಪ್ಪು ಐತಿ. ಇವರು ಯಾರ್ನೂ ಕೊಂದಿಲ್ಲ. ಲಂಗರ್ ಮೇಂ ಖಾನಾ ಪಕಾಯಾ. ಬರ್ಫ್ ಮೇಂ. ಸಬ್‌ಕೋ ಖಿಲಾಯಾ, ಬಾದ್ ಮೇಂ ಖುದ್ ಖಾಯಾ. ಆಜ್ ಭೀ ಐಸಾಚ್ ಖಾತಾ ಹೈ. ಇವರಿಗೆ ಸುಳ್ಳು ಮರ್ಯಾದಿ ಬ್ಯಾಡಾಗೇತಿ, ಅದಕ್ಕ ವಾಪಸ್ ಹೊಂಟಾರ. ಖರೇ ಮರ್ಯಾದಿ ಕೊಡ್ತೀರಿ ಅಂದ್ರ ಕೊಡ್ರಿ. ಇಲ್ಲಂದ್ರ ನಾನೂ ಹೊಂಟೆ."

ಬೆಂಚಿನ ತಾಯಂದಿರು ಬಾಗಿಲ ಕಡೆ ತಿರುಗಿ ನೋಡಿದರು.

ಆಗ ಸೈನಿಕರ ಸಾಲಿನಿಂದ ಮುದಿ ಸುಬೇದಾರರ ಗಡಸು ದನಿ ಎದ್ದಿತು. "ಅರೇ ಲಾಂಗ್ರಿ ಹೈ ತೂ? ಪೆಹಲೇ ಕ್ಯೂಂ ನಹೀಂ ಬೋಲಾ! ಸುನೋ ಭಾಯಿ, ಪಲ್ಟನ್ ಮೇಂ ಜನರಲ್ ಸೇ ಝಗಡಾ ಕರ್ ಲೋ, ಲಾಂಗ್ರಿ ಸೇ ಮತ್ ಕರೋ!"

ಜನರಲ್ ಜೊತೆ ಜಗಳಾಡಿದರೂ ಲಾಂಗ್ರಿಯ ಜೊತೆ ಬೇಡ ಎಂಬ ಮಾತಿಗೆ ಸೈನಿಕರ ಸಾಲೆಲ್ಲ ಗೊಳ್ಳೆಂದು ನಕ್ಕಿತು. ಅದು ಗೇಲಿಯ ನಗೆಯಲ್ಲ, ತಮ್ಮವನನ್ನು ಗುರುತಿಸಿದ ನಗೆ. ಹಿಂದೆ ಲಾಂಗ್ರಿಯ ಜೊತೆ ಜಗಳಾಡಿ ವರ್ಷವಿಡೀ ಉಪ್ಪು ಹೆಚ್ಚಾದ ಬೇಳೆ ಉಂಡಿದ್ದ ಕರ್ನಲ್ ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಕೂಗಿದರು, "ಬಿಲ್ಕುಲ್ ಸಹೀ! ಮೇರೀ ದಾಲ್ ಮೇಂ ಪೂರಾ ಸಾಲ್ ನಮಕ್ ಜ್ಯಾದಾ ಥಾ!" ಒಬ್ಬರ ಹಿಂದೊಬ್ಬರಂತೆ ಆ ಮುದುಕರೆಲ್ಲ ಕೋಲು ಊರಿ, ಕುರ್ಚಿ ಹಿಡಿದು ಎದ್ದು ನಿಂತರು. ಅವರನ್ನು ನೋಡಿ ಇಡೀ ಹಾಲು ಎದ್ದಿತು.

ಬಾಗಿಲ ಬಳಿ ಸುಭಾಷ ತಿರುಗಿದ. ಅವನೂ ನಗುತ್ತಿದ್ದ. ಕಣ್ಣಲ್ಲಿ ನೀರು, ಬಾಯಲ್ಲಿ ನಗೆ. ಅಷ್ಟು ವರ್ಷದ ಭಾರವನ್ನು ಅಲ್ಲೇ ಇಳಿಸಿದವನ ಹಾಗೆ ಸರಸರ ನಡೆದು ಬಂದು ಮೆಟ್ಟಿಲು ಹತ್ತಿದ.

ಪದಕ ಹಾಕುವಾಗ ಅವಳಿಗಷ್ಟೇ ಕೇಳುವಂತೆ ಅಂದ, "ಫೌಜಿನ್ಯಾಗ ಇದ್ದಿದ್ರ ನೀವು ಜನರಲ್ ಆಗ್ತಿದ್ರಿ."

ಶಾಲು ಹೊದಿಸುತ್ತ ಅವಳು ಅಂದಳು, "ಸುಮ್ನ ನಿಂದ್ರಿ. ಫೋಟೋ ತಗೀತಾರ."

ಮುಂದಿನ ಸಾಲಿನಲ್ಲಿ ಚಿಗವ್ವ ಚಾಳಿನ ಹೆಂಗಸರ ಕಡೆ ತಿರುಗಿ, "ಏನ್ರೇ, ಈಗ ನಗ್ರಿ ನೋಡೋಣು!" ಎಂದು ಗದರುತ್ತಿದ್ದಳು. ಯಾರೂ ನಗಲಿಲ್ಲ. ಎಲ್ಲರೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

* * *

ಜನ ಚದುರಿದರು. ಚರ್ಚಿನ ಅಂಗಳದಲ್ಲಿ ಬಾದಾಮಿ ಮರದ ಕೆಳಗೆ ಇಬ್ಬರೇ ಉಳಿದರು. ಚಿಗವ್ವ ಗೇಟಿನಾಚೆ ಬೇಕಂತಲೇ ಬೆನ್ನು ಮಾಡಿ ನಿಂತಿದ್ದಳು.

"ಒಂದು ಮಾತು ಕೇಳ್ಲೇನ್ರಿ?" ಸುಭಾಷ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

"ಕೇಳ್ರಿ."

"ತಂಗ್ಯಾರ ಲಗ್ನ ಮಾಡೂದ್ರಾಗ ನನ್ನ ವಯಸ್ಸು ಹೋತು. ಊರಾಗ ಅವ್ವ ಒಬ್ಬಾಕಿ ಅದಾಳ. ದೀಪಾವಳಿಗೆ ಹೋದಾಗ ಆಕೀಗೆ... ಏನಂತ ಹೇಳ್ಲಿ?"

ಅವಳಿಗೆ ಕೇಳಿದ್ದು ಅರ್ಥವಾಗಿತ್ತು. ಆದರೂ ಅವನ ಬಾಯಿಂದಲೇ ಬರಲಿ ಅನ್ನಿಸಿತು.

"ಏನ್ ಹೇಳಬೇಕು ಅಂತ ಐತಿ ನಿಮ್ಗ?"

"ಮುಂಬೈದಾಗ ಒಬ್ಬಾಕಿ ಅದಾಳ. ಆಕಿ ಇಲ್ಲದ ಮುಂದಿನ ದಿನ ನನಗ ಬ್ಯಾಡ ಅಂತ."

ದಾನೇಶ್ವರಿ ಕೊರಳ ಪದಕ ಮುಟ್ಟಿ ನೋಡಿಕೊಂಡಳು. ಗಂಡ ಹೋದ ದಿನದಿಂದ ಬಿಗಿದು ಕಟ್ಟಿಟ್ಟಿದ್ದ ಒಂದು ಗಂಟು ಒಳಗೆ ತಾನಾಗಿ ಸಡಿಲುತ್ತಿತ್ತು. ಹೆದರಿಕೆಯಾಗಲಿಲ್ಲ.

"ಆಕಿ ಹನ್ನೊಂದನೇತ್ತಾ ಸೇರಾಕಿ ಅಂತನೂ ಹೇಳ್ರಿ. ಆಮ್ಯಾಲ ಬಿ.ಎ. ಮುಗಿಯೂ ಹದಿನೈದನೇತ್ತಾತನಕ ಓದಾಕಿ. ನಡುವ ಯಾರೂ ಸಾಕು ಬಿಡು ಅನ್ನಬಾರದು."

"ಅಂದ್ರ?"

"ಅಂದವ್ರನ್ನ ಬಿಡ್ತೀನಿ, ಓದು ಬಿಡೂದಿಲ್ಲ."

ಸುಭಾಷ ತಲೆ ಹಿಂದಕ್ಕೆ ಹಾಕಿ ನಕ್ಕ. "ಹಂಗಾದ್ರ ಭಾಳ ಜೋರಾಗಿ ಹೇಳಬೇಕಾಗ್ತೈತ್ರಿ. ಅವ್ವಗ ಕಿವಿ ಮಂದ."

"ಹೇಳ್ರಿ," ಅವಳು ಅವನ ಕಡೆ ಒಂದು ಹೆಜ್ಜೆ ಬಂದಳು. "ಜೋರಾಗೇ ಹೇಳ್ರಿ. ಇಡೀ ಗೋಕಾಕಕ್ಕ ಕೇಳ್ಸಲಿ."